ಆ ಅರ್ಜಿ ನನ್ನ ಡ್ರಾಯರ್‌ನಲ್ಲೇ ಇತ್ತು

ಪುಟ್ಟಿ,

ಟ್ರೇನಿಂಗ್‌ನಲ್ಲಿ ಮೊಬೈಲ್ ಬೇಕೆಂದಾಗ ಕೈಗೆ ಸಿಗಲ್ಲ ಅಂದೆಯಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನೀನು ಹೊರಡುವ ಹಿಂದಿನ ರಾತ್ರಿಯ ಜಗಳವನ್ನು ಮತ್ತೆ ಕೆದಕುವುದಿಲ್ಲ. ಯಾರು ಏನಂದರು ಅಂತ ಇಬ್ಬರಿಗೂ ಗೊತ್ತು. ಬೆಳಿಗ್ಗೆ ನೀನು ಅರಕ್ಕೋಣಂ ರೈಲು ಹತ್ತುವಾಗಲೂ ನಾನು ಮುಖ ಕೊಟ್ಟು ಮಾತಾಡಲಿಲ್ಲ. ತಪ್ಪು ನನ್ನದು.

'ಪಿಂಚಣಿ ಇಲ್ಲದ ಕೆಲಸಕ್ಕೆ ಅಷ್ಟು ದೂರ ಯಾಕೆ ಹೋಗ್ತೀಯ' ಅಂದೆನಲ್ಲ, ಆ ಮಾತನ್ನು ವಾಪಸ್ ತಗೋತೀನಿ. ನೀನು ಕೇಂದ್ರದ ಸಿಐಎಸ್‌ಎಫ್ ಪಡೆ ಬಿಟ್ಟು ನಮ್ಮ ಪೊಲೀಸ್ ಠಾಣೆಗೇ ಸೇರಿದ್ದರೂ ನನ್ನ ಥರದ ಪಿಂಚಣಿ ಸಿಗುತ್ತಿರಲಿಲ್ಲ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಈಚೆ ಸೇರಿದವರಿಗೆ ಎನ್‌ಪಿಎಸ್, ಅಂದರೆ ಸಂಬಳದಲ್ಲಿ ಕಡಿದು ಕೂಡಿಡುವ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ಕೇಂದ್ರದಲ್ಲಿ 2004ರ ಜನವರಿ 1ರಿಂದಲೇ. ನಾನು 1988ರಲ್ಲಿ ಸೇರಿದವನು. ಕೊನೆಯ ಮೂಲ ವೇತನದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ, ತಿಂಗಳು ತಿಂಗಳು ತಾನಾಗಿ ಖಾತೆಗೆ ಬರುತ್ತೆ. ಅದು ನನ್ನ ಕಾಲದ ಅದೃಷ್ಟ. ಅದನ್ನು ನಿನ್ನ ಮೇಲೆ ಹಾಕಿ ಮಾತಾಡಿದ್ದು ಸರಿಯಲ್ಲ.

ಆದರೆ ಪಿಂಚಣಿ ಆರಿಸುವ ಆ ಫಾರಂ ವಿಷಯಕ್ಕೆ ನಾನು ಯಾಕೆ ಅಷ್ಟು ಕೂಗಾಡಿದೆ ಅಂತ ನಿನಗೆ ಗೊತ್ತಾಗಬೇಕು. 'ಯಾವುದೋ ಒಂದು ಟಿಕ್ ಹಾಕ್ತೀನಿ ಬಿಡಪ್ಪ' ಅಂದೆ ನೀನು. ಆಗ ನನಗೆ ಕಾಣಿಸಿದ್ದು ನೀನಲ್ಲ ಕಣೇ, ಎದುರು ಕ್ವಾರ್ಟರ್ಸ್ ಮಾಮ.

ಅವನು ಗಣೇಶ ವಿಸರ್ಜನೆ ಬಂದೋಬಸ್ತ್‌ನಲ್ಲಿ ಕುಸಿದು ಹೋದ ದಿನ ನಿನಗೆ ನೆನಪಿದೆ, ಅದನ್ನು ಬರೆಯುವುದಿಲ್ಲ. ಅದಕ್ಕೂ ಎರಡು ತಿಂಗಳ ಮುಂಚಿನದು ನಿನಗೆ ಗೊತ್ತಿಲ್ಲ. ಅಮ್ಮನಿಗೂ ಗೊತ್ತಿಲ್ಲ.

ಆಗ ನಾನು ಠಾಣೆಯ ರೈಟರ್, ಕಾಗದಪತ್ರದ ಕೆಲಸವೆಲ್ಲ ನನ್ನದು. ಅವನು ರಾತ್ರಿ ಬೀಟ್ ಮುಗಿಸಿ ಬಂದು ಮೇಜಿನ ಮುಂದೆ ನಿಂತ. ಟೋಪಿ ಕಂಕುಳಲ್ಲಿ. 'ರೈಟ್ರೇ, ನನ್ನ ನಾಮಿನಿ ಇನ್ನೂ ಅವ್ವನ ಹೆಸರಲ್ಲೇ ಇದೆ. ಅವ್ವ ಹೋಗಿ ಮೂರು ವರ್ಷ ಆಯ್ತು. ಹೆಂಡತಿ ಹೆಸರು ಹಾಕಬೇಕಿತ್ತು' ಅಂದ. ಫಾರಂ ಕೊಟ್ಟ. ಬರೆಯೋದು ಅವನಿಗೆ ಕಷ್ಟ, ಅದಕ್ಕೇ ಸಹಿ ಮಾತ್ರ ಹಾಕಿ ತಂದಿದ್ದ. ನಾನು ಚಾರ್ಜ್‌ಶೀಟ್ ಬರೆಯುತ್ತಿದ್ದೆ. ತಲೆ ಎತ್ತದೆ ಫಾರಂ ತಗೊಂಡು ಡ್ರಾಯರ್‌ಗೆ ಹಾಕಿದೆ. 'ನಾಳೆ ನೋಡೋಣ' ಅಂದೆ.

ನಾಳೆ ಬರಲಿಲ್ಲ. ಒಂದು ದಿನ ಕೋರ್ಟು, ಇನ್ನೊಂದು ದಿನ ವಿಐಪಿ ಬಂದೋಬಸ್ತು. ಟೀ ಅಂಗಡಿಯಲ್ಲಿ ಎಷ್ಟು ಸಲ ಎದುರು ಸಿಕ್ಕನೋ. ಮತ್ತೆ ಕೇಳಲಿಲ್ಲ. ಅವನ ಸ್ವಭಾವವೇ ಹಾಗೆ, ಬಾಯಿಬಿಟ್ಟು ಎರಡನೇ ಸಲ ಕೇಳುವವನಲ್ಲ.

ತಿಥಿ ಮುಗಿದ ಮೇಲೆ ಡ್ರಾಯರ್ ಎಳೆದೆ. ಅದರ ಹಿಡಿ ಸಡಿಲ, ಅಲ್ಲಾಡಿಸಿ ಎಳೆದರೆ ಮಾತ್ರ ಬರುತ್ತಿತ್ತು. ಕಾರ್ಬನ್ ಹಾಳೆಗಳ ಕೆಳಗೆ ಫಾರಂ ಇತ್ತು. ಮೇಲೆ ಟೀ ಲೋಟದ ಗುಂಡನೆ ಕಲೆ. ಕೆಳಗೆ ಅವನ ಸಹಿ. ನಡುವೆ ಎಲ್ಲ ಖಾಲಿ. ತುಂಬೋಕೆ ಹತ್ತು ನಿಮಿಷ ಬೇಕಿತ್ತು ಪುಟ್ಟಿ. ಹತ್ತೇ ನಿಮಿಷ.

ಕುಟುಂಬ ಪಿಂಚಣಿ ಹೆಂಡತಿಗೇ ಬರಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಸೇವಾ ಪುಸ್ತಕದಲ್ಲಿ ಅವರ ಹೆಸರಿನ ಕೊನೆಗೆ 'ಅಮ್ಮ' ಇತ್ತು, ಆಧಾರ್‌ನಲ್ಲಿ ಇರಲಿಲ್ಲ. ಅದಕ್ಕೊಂದು ಅಫಿಡವಿಟ್ಟು. ಭವಿಷ್ಯ ನಿಧಿಗೆ, ಗ್ರಾಚ್ಯುಟಿಗೆ ನಾಮಿನಿಯೇ ಬದುಕಿಲ್ಲ. ಅದಕ್ಕೆ ನಾಡಕಚೇರಿಯಿಂದ ವಂಶವೃಕ್ಷ. ಅಷ್ಟರಲ್ಲಿ ಮೈದುನ ತಗಾದೆ ತೆಗೆದ. ಹದಿನಾಲ್ಕು ತಿಂಗಳು ಅಲೆದರು. ರಜೆ ಸಿಕ್ಕಾಗಲೆಲ್ಲ ನಾನು ಜೊತೆಗೆ ಹೋದೆ. 'ನಿಮ್ಮಂಥೋರು ಇರೋದ್ರಿಂದ ನಾವು ಬದುಕಿದ್ವಿ' ಅಂತ ಒಂದು ಚೀಲ ಅವರೆಕಾಯಿ ತಂದುಕೊಟ್ಟರು. ಅವತ್ತು ಸಾರು ಗಂಟಲಲ್ಲಿ ಇಳಿಯಲಿಲ್ಲ. ಊಟ ಬಿಟ್ಟು ಎದ್ದಿದ್ದಕ್ಕೆ ಅಮ್ಮ ಬೈದಳು.

ಇವತ್ತಿಗೂ ಅವರಿಗೆ ಹೇಳಿಲ್ಲ. 2025ರ ಮೇ 31ಕ್ಕೆ ನಿವೃತ್ತಿಯಾದೆನಲ್ಲ, ಹಾರ ಹಾಕಿಸಿಕೊಂಡ ಮೇಲೆ ಒಬ್ಬನೇ ಹೋಗಿ ಆ ಡ್ರಾಯರ್ ಒಂದು ಸಲ ಎಳೆದು ನೋಡಿದೆ. ಏನಿರುತ್ತೆ ಅಲ್ಲಿ. ಆದರೂ ನೋಡಿದೆ.

ಈಗ ನಿನ್ನ ಫಾರಂಗೆ ಬರೋಣ. ಬೇಜಾರು ಮಾಡ್ಕೋಬೇಡ, ಅಪ್ಪ ಪಾಠ ಶುರು ಮಾಡಿದ ಅನ್ನಬೇಡ. 2025ರ ಏಪ್ರಿಲ್‌ನಿಂದ ಕೇಂದ್ರದ ನೌಕರರಿಗೆ ಯುಪಿಎಸ್, ಅಂದರೆ ಏಕೀಕೃತ ಪಿಂಚಣಿ ಯೋಜನೆ ಬಂದಿದೆ. ಹೊಸದಾಗಿ ಸೇರಿದವರು 30 ದಿನದೊಳಗೆ ಅದನ್ನು ಆರಿಸಿಕೊಳ್ಳಬೇಕು. ಸುಮ್ನೆ ಕೂತರೆ ಎನ್‌ಪಿಎಸ್‌ನಲ್ಲೇ ಉಳೀತೀಯ. ಎರಡರಲ್ಲೂ ನಿನ್ನ ಮೂಲ ವೇತನ, ತುಟ್ಟಿಭತ್ಯೆ ಸೇರಿಸಿ ಶೇ. 10 ಕಡಿತ. ಎನ್‌ಪಿಎಸ್‌ನಲ್ಲಿ ಸರ್ಕಾರ ಶೇ. 14 ಹಾಕುತ್ತೆ. ನಿವೃತ್ತಿಗೆ ಎಷ್ಟು ಬರುತ್ತೆ ಅನ್ನೋದು ಮಾರುಕಟ್ಟೆಯ ಮೇಲೆ. ಕೂಡಿದ್ದರಲ್ಲಿ ಶೇ. 60 ಕೈಗೆ ತಗೋಬಹುದು, ಉಳಿದ ಶೇ. 40ರಲ್ಲಿ ತಿಂಗಳ ವರಮಾನ. ಯುಪಿಎಸ್‌ನಲ್ಲಿ 25 ವರ್ಷ ಸೇವೆಯಾದರೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಖಾತ್ರಿ. 10 ವರ್ಷವಾದರೂ ಆಗಿದ್ದರೆ ತಿಂಗಳಿಗೆ ಕನಿಷ್ಠ 10,000 ರೂಪಾಯಿ. ಆದರೆ ನಡುವೆ ಸ್ವಯಂ ನಿವೃತ್ತಿ ತಗೊಂಡರೆ ಆ ಹಣ ಆಗಲೇ ಶುರುವಾಗಲ್ಲ, 60 ತುಂಬುವವರೆಗೆ ಕಾಯಬೇಕು. ನಿಮ್ಮ ಪಡೆಗಳಲ್ಲಿ ಮಕ್ಕಳು, ಮನೆ ಅಂತ ಬೇಗ ಬಿಡುವವರು ಇದ್ದೇ ಇರ್ತಾರೆ. ಅದನ್ನೂ ಯೋಚಿಸು.

ಅರೆಸೇನಾ ಪಡೆಗಳಿಗೆ ಹಳೆ ಪಿಂಚಣಿ ಕೊಡಬೇಕು ಅಂತ 2023ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಹೇಳಿತ್ತು. ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದನ್ನು ನಂಬಿಕೊಂಡು ಈ ಫಾರಂ ಬಿಡಬೇಡ. ನನ್ನನ್ನು ಕೇಳಿದರೆ ಯುಪಿಎಸ್. ನಿನಗೆ ಬೇರೆ ಅನ್ನಿಸಿದರೆ ಬೇರೆ. ಓದಿ ನೀನೇ ತೀರ್ಮಾನ ಮಾಡು, ನಾನು ಬಾಯಿ ಹಾಕುವುದಿಲ್ಲ. ಬ್ಯಾರಕ್‌ನಲ್ಲಿ ಯಾರೋ ಹಾಕಿದರು ಅಂತ ಮಾತ್ರ ಹಾಕಬೇಡ. ವರ್ಷಕ್ಕೊಂದು ಸಲ ಸೇವಾ ಪುಸ್ತಕ ಕೇಳಿ ನೋಡು. ಮದುವೆಯಾದ ವಾರವೇ ನಾಮಿನಿ ಬದಲಾಯಿಸು. ಯಾರೇ 'ನಾಳೆ' ಅಂದರೂ ಒಪ್ಪಬೇಡ, ಮೇಜಿನ ಮುಂದೆ ನಿಂತೇ ಇರು. ಒಂದಲ್ಲ, ಹತ್ತು ಸಲ ಕೇಳು.

ಇನ್ನೊಂದು ಕಾಲಂ ಇರುತ್ತೆ. ಸೇವೆಯಲ್ಲಿರುವಾಗ ಏನಾದರೂ ಆದರೆ ಮನೆಯವರಿಗೆ ಹಳೆ ನಿಯಮದ ಕುಟುಂಬ ಪಿಂಚಣಿಯೋ, ಕೂಡಿದ ಹಣವೋ ಅಂತ. 37 ವರ್ಷದಲ್ಲಿ ಎಷ್ಟೋ ಜನಕ್ಕೆ ಅದಕ್ಕೆ ಅರ್ಥ ಹೇಳಿದ್ದೇನೆ. ನಿನಗೆ ಹೇಳೋಕೆ ಆಗ್ತಿಲ್ಲ. ಹಳೆ ನಿಯಮ ಅಂತ ಬರೆ, ಪುಟ ತಿರುಗಿಸು. ಅಷ್ಟೇ.

ನಿನ್ನ ಯೂನಿಫಾರ್ಮ್ ಫೋಟೋ ಬಂದ ದಿನ ಬೀದಿಯವರಿಗೆಲ್ಲ ತೋರಿಸಿದೆ. ನನ್ನ ಹಳೇ ಬೆಲ್ಟ್ ಪಾಲಿಶ್ ಮಾಡಿ ಮೊಳೆಗೆ ನೇತುಹಾಕಿದ್ದೇನೆ. ನಿನ್ನದು ಬಂದಾಗ ಪಕ್ಕದಲ್ಲಿ ಜಾಗ ಇದೆ.

ಇದರ ಜೊತೆ ನಿನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅಮ್ಮನ ಆಧಾರ್, ಎರಡರದ್ದೂ ಮೂರು ಮೂರು ಜೆರಾಕ್ಸ್ ಇಟ್ಟಿದ್ದೇನೆ. ನಾಮಿನಿ ಕಾಲಂನಲ್ಲಿ ನನ್ನ ಹೆಸರು ಬೇಡ, ಅಮ್ಮನದು ಬರೆ. ಆಧಾರ್‌ನಲ್ಲಿ ಹೇಗಿದೆಯೋ ಹಾಗೇ. ಒಂದಕ್ಷರ ಆಚೀಚೆ ಆಗೋದು ಬೇಡ. ನೀನು ಸೇರಿ ಇವತ್ತಿಗೆ ಆರು ದಿನ. ಇನ್ನು 24 ಉಳಿದಿವೆ.

ನಿನ್ನ ಅಪ್ಪ