ಕಾಯುವವರ ಕೈಗೆ ತೀರ್ಮಾನವೂ ಬರಲಿ

ಮಾನ್ಯ ಸಂಪಾದಕರೇ,

ಪರಿಸರ ಸಂರಕ್ಷಣೆಯಲ್ಲಿ ಮೂಲನಿವಾಸಿಗಳ ಮತ್ತು ಸ್ಥಳೀಯ ಸಮುದಾಯಗಳ ‘ಸಹಭಾಗಿತ್ವ’ದ ಬಗ್ಗೆ ಬರುವ ಲೇಖನಗಳನ್ನು, ಪ್ರಕಟಣೆಗಳನ್ನು ಓದಿದಾಗಲೆಲ್ಲ ಆ ಪದದ ಬಗ್ಗೆಯೇ ನನಗೊಂದು ತಕರಾರು ಹುಟ್ಟುತ್ತದೆ. ಸಹಭಾಗಿ ಎಂದರೆ ಬೇರೆ ಯಾರೋ ನಡೆಸುವ ಕೆಲಸದಲ್ಲಿ ಒಂದು ಪಾಲು ಪಡೆದವನು. ತಲೆಮಾರುಗಳಿಂದ ಒಂದು ಕಾಡನ್ನೋ ಹೊಳೆಯನ್ನೋ ಹುಲ್ಲುಗಾವಲನ್ನೋ ನೋಡಿಕೊಂಡು ಬಂದವರನ್ನು ಅವರದೇ ನೆಲದಲ್ಲಿ ಹಾಗೆ ಕರೆಯುವುದು ಮನೆಯ ಯಜಮಾನನಿಗೆ ಅವನ ಜಗಲಿಯಲ್ಲೇ ಅತಿಥಿಯ ಮಣೆ ಹಾಕಿದಂತೆ. ಯಾವ ಋತುವಿನಲ್ಲಿ ಏನು ಮಾಡಬೇಕು, ಯಾವುದನ್ನು ಮುಟ್ಟಬಾರದು, ಹೊರಗಿನವರನ್ನು ಎಲ್ಲಿಯವರೆಗೆ ಬಿಡಬೇಕು ಎಂಬ ತೀರ್ಮಾನ ಅವರ ಕೈಯಲ್ಲಿ ಇದೆಯೇ ಇಲ್ಲವೇ ಎಂಬುದೊಂದೇ ಇಲ್ಲಿ ಕೇಳಬೇಕಾದ ಪ್ರಶ್ನೆ ಎಂದು ನಾನು ತಿಳಿದಿದ್ದೇನೆ.

ವಾದಕ್ಕೆ ಮುಂಚೆ ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಜಗತ್ತಿನ ಜೀವವೈವಿಧ್ಯದ ಶೇ 80ರಷ್ಟು ಮೂಲನಿವಾಸಿಗಳ ನೆಲದಲ್ಲಿದೆ ಎಂಬ ಮಾತನ್ನು ನಾನೂ ಹಲವು ಬಾರಿ ಹೇಳಿದ್ದೇನೆ. ಈ ಅಂಕಿಗೆ ಆಧಾರವೇ ಇಲ್ಲವೆಂದು 2024ರ ಸೆಪ್ಟೆಂಬರ್‌ನಲ್ಲಿ ‘ನೇಚರ್’ ನಿಯತಕಾಲಿಕದಲ್ಲಿ ಸಂಶೋಧಕರ ತಂಡವೊಂದು ತೋರಿಸಿಕೊಟ್ಟಿತು. ಬರೆದವರಲ್ಲಿ ಮೂಲನಿವಾಸಿ ಸಮುದಾಯಗಳ ವಿದ್ವಾಂಸರೂ ಇದ್ದರು. ಜೀವವೈವಿಧ್ಯವೇನು ಮೂಟೆಯಲ್ಲಿ ತುಂಬಿ ತಕ್ಕಡಿಗೆ ಹಾಕುವ ಸರಕಲ್ಲ. ಎಲ್ಲೋ ಹುಟ್ಟಿ, ವರದಿಯಿಂದ ವರದಿಗೆ ದಾಟುತ್ತ ಬಂದ ಇಂಥ ಅಂಕಿ ಕೊನೆಗೆ ಯಾರ ಪರವಾಗಿ ಹೇಳುತ್ತೇವೋ ಅವರ ಮಾತಿನ ಬೆಲೆಯನ್ನೇ ಕಳೆಯುತ್ತದೆ. ಉತ್ಪ್ರೇಕ್ಷೆಯ ಅಗತ್ಯವೂ ಇಲ್ಲ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ 87 ದೇಶಗಳಲ್ಲಿ ಕನಿಷ್ಠ 3.8 ಕೋಟಿ ಚದರ ಕಿಲೋಮೀಟರ್ ನೆಲ, ಅಂದರೆ ಭೂಮಿಯ ಒಣನೆಲದ ಕಾಲುಭಾಗಕ್ಕೂ ಹೆಚ್ಚು, ಮೂಲನಿವಾಸಿಗಳ ನಿರ್ವಹಣೆಯಲ್ಲಿ ಅಥವಾ ಒಡೆತನದಲ್ಲಿದೆ. ನೆಲದ ಮೇಲಿನ ಸಂರಕ್ಷಿತ ಪ್ರದೇಶಗಳಲ್ಲಿ ಸುಮಾರು ಶೇ 40ರಷ್ಟು ಈ ನೆಲದೊಂದಿಗೆ ಬೆರೆತುಕೊಂಡಿವೆ. ವಾದಕ್ಕೆ ಇಷ್ಟೇ ಧಾರಾಳವಾಗಿ ಸಾಕು.

ತೀರ್ಮಾನ ಯಾರದು ಎಂಬ ಪ್ರಶ್ನೆ ಎಷ್ಟು ಪ್ರಾಯೋಗಿಕವಾದದ್ದು ಎಂಬುದನ್ನು ಬೆಂಕಿಯ ಉದಾಹರಣೆಯಷ್ಟು ಚೆನ್ನಾಗಿ ಬೇರೊಂದು ತೋರಿಸಲಾರದು. ಉತ್ತರ ಆಸ್ಟ್ರೇಲಿಯಾದ ಪಶ್ಚಿಮ ಆರ್ನೆಮ್ ಲ್ಯಾಂಡ್‌ನಲ್ಲಿ ಮಳೆಗಾಲ ಮುಗಿದು ಹುಲ್ಲಿನ ಬುಡದಲ್ಲಿ ಇನ್ನೂ ಪಸೆ ಇರುವಾಗಲೇ ಅಲ್ಲಿನ ಮೂಲನಿವಾಸಿಗಳು ತುಂಡುತುಂಡಾಗಿ ಹುಲ್ಲು ಸುಡುತ್ತಾರೆ. ಜ್ವಾಲೆ ತಗ್ಗಾಗಿಯೇ ಉರಿಯುತ್ತದೆ, ಮರದ ನೆತ್ತಿಗೆ ಸೋಕುವುದಿಲ್ಲ, ರಾತ್ರಿಯ ಇಬ್ಬನಿಗೆ ತಾನಾಗಿಯೇ ಆರುತ್ತದೆ. ಸುಟ್ಟ ತುಂಡುಗಳ ನಡುವೆ ಸುಡದ ತುಂಡುಗಳು ಉಳಿಯುವುದರಿಂದ ಸಣ್ಣ ಪ್ರಾಣಿಗಳಿಗೆ ಆಶ್ರಯ ಸಿಗುತ್ತದೆ, ಬೇಸಿಗೆಯ ಕೊನೆಯಲ್ಲಿ ಏಳುವ ದೊಡ್ಡ ಬೆಂಕಿಗೆ ಅಡ್ಡಗಟ್ಟೆಯೂ ಆಗುತ್ತದೆ. ಕಳೆದ ಶತಮಾನದಲ್ಲಿ ಈ ಜನ ತಮ್ಮ ನೆಲ ಬಿಟ್ಟು ವಸಾಹತುಗಳಿಗೆ, ಪಟ್ಟಣಗಳಿಗೆ ಹೋಗಬೇಕಾಗಿ ಬಂದ ಮೇಲೆ ಆ ಪ್ರದೇಶವನ್ನು ವರ್ಷವರ್ಷವೂ ತಡಬೇಸಿಗೆಯ ಕಾಳ್ಗಿಚ್ಚು ನುಂಗತೊಡಗಿತು. ಹಿರಿಯರು ಹಿಂದಿರುಗಿ, ಕಿರಿಯರಿಗೆ ಕಲಿಸಿ, ವಿಜ್ಞಾನಿಗಳ ಉಪಗ್ರಹ ನಕ್ಷೆಗಳನ್ನು ಜೊತೆಗಿಟ್ಟುಕೊಂಡು, 2006ರಿಂದ ಸುಮಾರು 28,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ಹಳೆಯ ಕ್ರಮವನ್ನು ಮತ್ತೆ ನಡೆಸುತ್ತಿದ್ದಾರೆ. ಇದರಿಂದ ವರ್ಷಕ್ಕೆ ಲಕ್ಷ ಟನ್ನು ಇಂಗಾಲದ ಡೈಆಕ್ಸೈಡ್‌ಗೆ ಸಮನಾದುದಕ್ಕಿಂತ ಹೆಚ್ಚು ಹಸಿರುಮನೆ ಅನಿಲ ವಾತಾವರಣ ಸೇರುವುದು ತಪ್ಪುತ್ತಿದ್ದು, ಆ ಉಳಿತಾಯಕ್ಕೆ ಸಿಗುವ ಹಣದಲ್ಲೇ ಅವರ ಕಾವಲುಗಾರರಿಗೆ ಸಂಬಳವಾಗುತ್ತದೆ.

ಇದೇ ಕಥೆಯ ತಿರುವುಮುರುವು ರೂಪ ಬಿಳಿಗಿರಿರಂಗನ ಬೆಟ್ಟದಲ್ಲಿದೆ. ಅಲ್ಲಿನ ಸೋಲಿಗರು ಬೇಸಿಗೆಯ ಮೊದಲಿಗೆ ಒಣಗಿದೆಲೆಗೆ ಹಚ್ಚುತ್ತಿದ್ದ ತೆಳು ಬೆಂಕಿಗೆ ‘ತರಗು ಬೆಂಕಿ’ ಎನ್ನುತ್ತಾರೆ. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಅದು ಅಪರಾಧವಾಯಿತು. ಮುಂದಿನ ದಶಕಗಳಲ್ಲಿ ಲಂಟಾನ ಎಂಬ ಹೊರಗಿನಿಂದ ಬಂದ ಕಳೆಪೊದೆ ಕಾಡಿನ ನೆಲವನ್ನೆಲ್ಲ ಆವರಿಸಿತು. ಅದರ ಎಳೆಸಸಿಗಳನ್ನು ಮೊದಲೇ ಕೊಲ್ಲುತ್ತಿದ್ದದ್ದು, ನೆಲ್ಲಿಮರಗಳ ಮೇಲೆ ಬದನಿಕೆ ಎಂಬ ಪರಾವಲಂಬಿ ಗಿಡ ಹಬ್ಬದಂತೆ ತಡೆಯುತ್ತಿದ್ದದ್ದು ತರಗು ಬೆಂಕಿಯೇ ಎಂಬ ಹಿರಿಯರ ಮಾತನ್ನು ಸಂಶೋಧಕರು ಗಂಭೀರವಾಗಿ ಕೇಳಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. ಲಂಟಾನ ಹಬ್ಬಲು ಬೇರೆ ಕಾರಣಗಳೂ ಇವೆ, ನಿಜ. ಆದರೆ ಬೆಂಕಿಯೆಂದರೆ ಎಲ್ಲವೂ ಒಂದೇ ಎಂದುಕೊಂಡ ಕಾನೂನಿಗೆ ತರಗು ಬೆಂಕಿಗೂ ಕಾಳ್ಗಿಚ್ಚಿಗೂ ಇರುವ ವ್ಯತ್ಯಾಸ ತಿಳಿದಿರಲಿಲ್ಲ, ತಿಳಿದವರನ್ನು ಅದು ಕೇಳಲೂ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯ ಹಕ್ಕು ದೊರೆತದ್ದು 2011ರಲ್ಲಿ, ಅದೇ ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ ವರ್ಷದಲ್ಲೇ.

ಹಕ್ಕು ಕೊಟ್ಟರೆ ಕಾಡು ಉಳಿಯುತ್ತದೆಯೇ ಎಂದು ಕೇಳುವವರಿಗೆ ಬ್ರೆಜಿಲ್‌ನ ಉಪಗ್ರಹ ಚಿತ್ರಗಳು ಉತ್ತರ ಕೊಡುತ್ತವೆ. ಅಲ್ಲಿ ಮ್ಯಾಪ್‌ಬಯೋಮಾಸ್ ಎಂಬ ಸಂಶೋಧನಾ ಜಾಲ 2022ರಲ್ಲಿ ಹಿಂದಿನ 30 ವರ್ಷಗಳ ಲೆಕ್ಕ ಹಾಕಿದಾಗ, ಖಾಸಗಿ ಜಮೀನುಗಳು ತಮ್ಮ ಸಹಜ ಸಸ್ಯವರ್ಗದ ಶೇ 20ಕ್ಕೂ ಹೆಚ್ಚನ್ನು ಕಳೆದುಕೊಂಡಿದ್ದರೆ, ಮೂಲನಿವಾಸಿಗಳ ನೆಲಗಳು ಕಳೆದುಕೊಂಡದ್ದು ಶೇ 1 ಮಾತ್ರ. ಗ್ವಾಟೆಮಾಲಾದ ಮಾಯಾ ಜೀವಗೋಳ ಮೀಸಲು ಪ್ರದೇಶದ್ದು ಇನ್ನೂ ಕುತೂಹಲದ ಸಂಗತಿ. ಅಲ್ಲಿ ಹಳ್ಳಿಗರ ಸಂಘಗಳು ಗುತ್ತಿಗೆ ಪಡೆದು, ಮಿತಿ ಹಾಕಿಕೊಂಡು ಮಹಾಗನಿ ಕಡಿಯುವ ಭಾಗಗಳಲ್ಲಿ ಅರಣ್ಯನಾಶ ಬಹುತೇಕ ಶೂನ್ಯವಾಗಿದ್ದರೆ, ಮರ ಕಡಿಯಬಾರದೆಂದು ನಿಯಮವಿದ್ದ ಲಗೂನಾ ದೆಲ್ ತಿಗ್ರೆ ರಾಷ್ಟ್ರೀಯ ಉದ್ಯಾನದ ದೊಡ್ಡ ಪಾಲು ಅಕ್ರಮ ದನದ ದೊಡ್ಡಿಗಳ ಪಾಲಾಯಿತು. ಕಾಗದದಲ್ಲಿ ಕಟ್ಟುನಿಟ್ಟಾಗಿದ್ದ ಕಾಡು ಹೋಯಿತು, ಮರ ಕಡಿಯುವವರ ಕಾಡು ಉಳಿಯಿತು.

ಇಷ್ಟು ಗೊತ್ತಿದ್ದರೂ ಜನರನ್ನು ಹೊರಗಟ್ಟಿ ಪ್ರಕೃತಿಯನ್ನು ಉಳಿಸುವ ಹಳೆಯ ಅಭ್ಯಾಸ ಬಿಟ್ಟುಹೋಗಿಲ್ಲ. 1872ರಲ್ಲಿ ಅಮೆರಿಕದಲ್ಲಿ ಯೆಲ್ಲೊಸ್ಟೋನ್ ಉದ್ಯಾನವಾದ ಮೇಲೆ ಅಲ್ಲಿ ಬದುಕಿದ್ದ ಶೋಶೋನಿ ಮೊದಲಾದ ಜನರಿಗೆ ಬಾಗಿಲು ಮುಚ್ಚಲಾಯಿತು. ಆ ಮಾದರಿಯೇ ಲೋಕವೆಲ್ಲ ಹರಡಿತು. ಕೀನ್ಯಾದ ಮಾವ್ ಅರಣ್ಯದ ಒಗಿಯೆಕ್ ಜನ ಇದರ ವಿರುದ್ಧ ಮಾನವ ಹಕ್ಕುಗಳ ಆಫ್ರಿಕನ್ ನ್ಯಾಯಾಲಯದವರೆಗೆ ಹೋದರು. ಕಾಡು ಹಾಳಾದದ್ದು ಒಗಿಯೆಕ್‌ರಿಂದ ಎಂಬುದನ್ನು ಸರ್ಕಾರ ಸಾಬೀತುಪಡಿಸಿಲ್ಲ, ಸಂರಕ್ಷಣೆಯ ಹೆಸರಿನಲ್ಲಿ ಅವರನ್ನು ಹೊರಹಾಕಿದ್ದು ಸಮರ್ಥನೀಯವಲ್ಲ ಎಂದು 2017ರಲ್ಲಿ ನ್ಯಾಯಾಲಯ ಹೇಳಿತು. ಹಾಗಿದ್ದೂ 2023ರ ನವೆಂಬರ್‌ನಲ್ಲಿ ಅದೇ ಕಾಡಿನಲ್ಲಿ ಅವರ ಮನೆಗಳನ್ನು ಮತ್ತೆ ಕೆಡವಲಾಯಿತು.

ಸಮುದಾಯಗಳೆಲ್ಲ ಋಷ್ಯಾಶ್ರಮಗಳೆಂದು ನಾನು ಹೇಳುತ್ತಿಲ್ಲ. ಅಲ್ಲಿಯೂ ಜಗಳಗಳಿವೆ, ಬಲವಿದ್ದವರು ಇಲ್ಲದವರ ಪಾಲನ್ನು ಕಬಳಿಸುವುದಿದೆ, ಹೆಂಗಸರ ಮಾತು ಸಭೆಯಲ್ಲಿ ಕೇಳದೆ ಹೋಗುವುದಿದೆ, ರಸ್ತೆ ಮತ್ತು ಮಾರುಕಟ್ಟೆ ಬಂದಾಗ ಆಸೆ ಹುಟ್ಟುವುದೂ ಇದೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಜೀವಮಾನವಿಡೀ ಅಧ್ಯಯನ ಮಾಡಿದ್ದು ಇಂಥ ಜನ ಸಾಮೂಹಿಕ ಸ್ವತ್ತನ್ನು ಹೇಗೆ ಉಳಿಸಿಕೊಳ್ಳುತ್ತಾರೆ, ಯಾವಾಗ ಸೋಲುತ್ತಾರೆ ಎಂಬುದನ್ನೇ. ಗಡಿ ಯಾವುದೆಂಬುದು ಸ್ಪಷ್ಟವಿದ್ದಾಗ, ನಿಯಮ ಮಾಡುವುದರಲ್ಲಿ ಅದನ್ನು ಪಾಲಿಸುವವರದೇ ಕೈಯಿದ್ದಾಗ, ತಪ್ಪಿದವರಿಗೆ ಮೊದಲು ಸಣ್ಣ ದಂಡ ಬಿದ್ದಾಗ, ಮೇಲಿನ ಸರ್ಕಾರ ಇದನ್ನು ಒಪ್ಪಿಕೊಂಡಾಗ ಜನ ಗೆಲ್ಲುವ ಸಾಧ್ಯತೆ ಹೆಚ್ಚೆಂದು ಆಸ್ಟ್ರಮ್ ಕಂಡುಕೊಂಡರು. ಸಮುದಾಯ ಸೋತ ಕಡೆ ಈ ನಾಲ್ಕರಲ್ಲಿ ಯಾವುದನ್ನು ನಾವು ಕಿತ್ತುಕೊಂಡೆವು ಎಂದು ನೋಡುವುದು ನ್ಯಾಯ.

2022ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಿತವಾದ ಜಾಗತಿಕ ಜೀವವೈವಿಧ್ಯ ಚೌಕಟ್ಟು 2030ರ ಹೊತ್ತಿಗೆ ನೆಲ ಮತ್ತು ಕಡಲಿನ ಶೇ 30ರಷ್ಟನ್ನು ಸಂರಕ್ಷಿಸಬೇಕೆಂದು ಹೇಳುವಾಗ, ಮೂಲನಿವಾಸಿಗಳ ಮತ್ತು ಸ್ಥಳೀಯ ಸಮುದಾಯಗಳ ಹಕ್ಕನ್ನು ಮನ್ನಿಸಿಯೇ ಇದನ್ನು ಮಾಡಬೇಕೆಂದೂ ಹೇಳಿದೆ. ವಾಕ್ಯದ ಮೊದಲರ್ಧ ಎಲ್ಲರಿಗೂ ಬಾಯಿಪಾಠವಾಗಿದೆ. ಎರಡನೆಯ ಅರ್ಧಕ್ಕೆ ಅರ್ಥವಿರಬೇಕಾದರೆ ಅದು ನ್ಯೂಜಿಲೆಂಡ್‌ನ ಟೆ ಉರೆವೆರಾದಲ್ಲಿ ಆದಂತೆ ಆಗಬೇಕು. 1954ರಿಂದ ರಾಷ್ಟ್ರೀಯ ಉದ್ಯಾನವಾಗಿದ್ದ ಆ ಕಾಡಿನ ಉದ್ಯಾನವೆಂಬ ಪಟ್ಟವನ್ನೇ 2014ರ ಕಾನೂನು ತೆಗೆದುಹಾಕಿ, ಕಾಡಿಗೆ ಕಾನೂನುಬದ್ಧ ವ್ಯಕ್ತಿಯ ಸ್ಥಾನ ಕೊಟ್ಟಿತು. ಅದರ ಆಡಳಿತ ಮಂಡಳಿ ಮೊದಲಿಗೆ ಸರ್ಕಾರ ಮತ್ತು ಆ ಕಾಡಿನ ಮೂಲನಿವಾಸಿಗಳಾದ ತೂಹೊಯೆ ಜನರ ಸಮಪಾಲಿನದಾಗಿತ್ತು. ಮೂರು ವರ್ಷಗಳ ನಂತರ 9 ಸ್ಥಾನಗಳಲ್ಲಿ 6 ತೂಹೊಯೆ ಜನರದಾಗುವಂತೆ ಕಾನೂನಿನಲ್ಲೇ ಬರೆಯಲಾಗಿದೆ. ಬಹುಮತ ಎಂಬ ಈ ಒಣ ಪದಕ್ಕೆ ಸಹಭಾಗಿತ್ವದ ಹತ್ತು ಪ್ರಶಸ್ತಿಪತ್ರಗಳಿಗಿಂತ ಹೆಚ್ಚು ತೂಕವಿದೆ.

ಹಣದ ವಿಷಯ ಹೇಳದಿದ್ದರೆ ಚಿತ್ರ ಪೂರ್ತಿಯಾಗದು. 2021ರ ಗ್ಲಾಸ್ಗೊ ಹವಾಮಾನ ಸಮಾವೇಶದಲ್ಲಿ ಐದು ಸರ್ಕಾರಗಳೂ ಹಲವು ದತ್ತಿ ಸಂಸ್ಥೆಗಳೂ ಮೂಲನಿವಾಸಿಗಳ ಮತ್ತು ಸ್ಥಳೀಯ ಸಮುದಾಯಗಳ ಭೂಹಕ್ಕಿಗಾಗಿ 170 ಕೋಟಿ ಡಾಲರ್ ಕೊಡುವುದಾಗಿ ಘೋಷಿಸಿದವು. ಮೊದಲ ವರ್ಷ ಹಂಚಿದ ಹಣದಲ್ಲಿ ನೇರವಾಗಿ ಮೂಲನಿವಾಸಿಗಳ ಮತ್ತು ಸಮುದಾಯಗಳ ಸಂಘಟನೆಗಳಿಗೆ ತಲುಪಿದ್ದು ಶೇ 7, ಮರುವರ್ಷ ಶೇ 2.1. ಉಳಿದದ್ದು ಮಧ್ಯವರ್ತಿಗಳ ಮೂಲಕ ಹರಿಯಿತು. ಮಧ್ಯವರ್ತಿಗಳಲ್ಲಿ ಒಳ್ಳೆಯವರೂ ಇರುತ್ತಾರೆ; ಆದರೆ ಯೋಜನೆ ಬರೆಯುವವನ ಭಾಷೆಯಲ್ಲೇ ಕಾಡಿನ ಕೆಲಸ ನಡೆಯಬೇಕಾಗಿ ಬಂದರೆ ತರಗು ಬೆಂಕಿಯಂಥದ್ದಕ್ಕೆ ಅರ್ಜಿಯಲ್ಲಿ ಜಾಗವೇ ಇರುವುದಿಲ್ಲ.

ಕೊನೆಯಲ್ಲಿ ಪತ್ರಿಕೆಗೆ ಒಂದು ವಿನಂತಿ. ಮುಂದೆ ಶೇ 30ರ ಗುರಿಯ ಪ್ರಗತಿಯನ್ನು ಕೋಷ್ಟಕವಾಗಿ ಪ್ರಕಟಿಸುವಾಗ, ಹೊಸದಾಗಿ ಸೇರಿದ ಪ್ರತಿಯೊಂದು ಸಂರಕ್ಷಿತ ಪ್ರದೇಶದ ಎದುರು ಇನ್ನೆರಡು ಅಂಕಣಗಳನ್ನು ದಯವಿಟ್ಟು ಸೇರಿಸಿ: ಅಲ್ಲಿ ಮೊದಲಿನಿಂದ ಇದ್ದವರ ಹಕ್ಕು ದಾಖಲೆಯಾಗಿದೆಯೇ, ಮತ್ತು ಆಡಳಿತ ಮಂಡಳಿಯಲ್ಲಿ ಅವರಿಗೆ ಎಷ್ಟು ಮತಗಳಿವೆ.

ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ