ಸೈರನ್ ಕೂಗಿದರೆ ಕೆಲ್ಲರ್‌ಗೆ (ನೆಲಮಾಳಿಗೆಗೆ) ಇಳಿಯಬೇಡಿ

ಜರ್ಮನಿಯಲ್ಲಿರುವ ಕನ್ನಡಿಗರೆಲ್ಲರಿಗೂ ನಮಸ್ಕಾರ.

ಮತ್ತೆ ಜುಲೈ ಬಂತು. ಈ ತಿಂಗಳು ಎರಡು ದಿನ ಬಿಡದೆ ಮಳೆ ಹಿಡಿದರೆ ನನಗೆ ಆರ್ ಕಣಿವೆಯೇ ಕಣ್ಣಮುಂದೆ ಬರುತ್ತದೆ. ನಮ್ಮಲ್ಲಿ ಎಷ್ಟೋ ಜನ ಅಲ್ಲಿನ ದ್ರಾಕ್ಷಿತೋಟ ಸುತ್ತಿ ಬಂದವರೇ ಅಲ್ವಾ? ಬೇಸಿಗೆಯಲ್ಲಿ ಆರ್ ಎಂದರೆ ಮಕ್ಕಳು ಆಡುವ ಹೊಳೆ, ಮೊಣಕಾಲುದ್ದ ನೀರು. 2021ರ ಜುಲೈ 14ರ ರಾತ್ರಿ ಅದೇ ಹೊಳೆ 130ಕ್ಕೂ ಜಾಸ್ತಿ ಜನರನ್ನು ಬಲಿ ತೆಗೆದುಕೊಂಡಿತು. ಆಲ್ಟೆನಾರ್‌ನಲ್ಲಿ ನೀರಿನ ಮಟ್ಟ ಅಳೆಯುವ ಮಾಪಕವೇ ಕೊಚ್ಚಿಹೋಯಿತು.

ಮೊದಲೇ ಮಳೆಗೆ ನೆನೆದು ನೆಲ ತುಂಬಿಹೋಗಿತ್ತು. ಕಡಿದಾದ ಗುಡ್ಡಗಳ ನೀರೆಲ್ಲ ಇಕ್ಕಟ್ಟಾದ ಕಣಿವೆಗೆ ಇಳಿಯಿತು. ತೇಲಿಬಂದ ಮರ, ಕ್ಯಾರವಾನ್‌ಗಳು ಸೇತುವೆಗಳಿಗೆ ಸಿಕ್ಕಿಕೊಂಡು ಅಣೆಕಟ್ಟಿನ ಹಾಗೆ ನೀರು ತಡೆದವು. ಮೇಲಿನ ಶುಲ್ಡ್ ಊರಿಗೆ ಸಂಜೆಯೇ ನೀರು ನುಗ್ಗಿತ್ತು. ಕೆಳಗಿನ ಊರುಗಳಿಗೆ ಮನೆ ಬಿಡಿ ಎಂಬ ಸೂಚನೆ ಬಂದದ್ದು ರಾತ್ರಿ 11ರ ಮೇಲೆ. ಅದೂ ಹೊಳೆಯ ಎರಡೂ ಕಡೆ 50 ಮೀಟರ್ ಒಳಗಿನವರಿಗೆ ಮಾತ್ರ. ಜಿನ್ಸಿಗ್‌ನಲ್ಲಿ ಅಂಗವಿಕಲರ ವಸತಿಗೃಹದ 12 ಜನ ತೀರಿಕೊಂಡರು. ಆ ಮನೆ 50 ಮೀಟರಿನ ಆಚೆಗಿತ್ತು. ಇದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ.

ಆಗಸ್ಟ್‌ನ ಒಂದು ಶನಿವಾರ ನಾವು ಕೆಲವರು ಆರ್‌ವೈಲರ್‌ಗೆ ಕೆಸರು ಎತ್ತಲು ಹೋಗಿದ್ದೆವು. ಕತ್ತಲೆ ಕೆಲ್ಲರ್‌ನಿಂದ ಮೆಟ್ಟಿಲುದ್ದಕ್ಕೂ ಸಾಲಾಗಿ ನಿಂತು ಬಕೆಟ್ ದಾಟಿಸಿದೆವು. ಕೆಸರಿಗೆ ಹೀಟಿಂಗ್ ಎಣ್ಣೆಯ ವಾಸನೆ, ಎಷ್ಟು ತೊಳೆದರೂ ಕೈಬಿಟ್ಟು ಹೋಗದು. ಒಂದು ಬಕೆಟ್‌ನಲ್ಲಿ ಜಾಮ್ ಬಾಟಲಿ ಬಂತು, ಮುಚ್ಚಳ ಬಿಗಿಯಾಗಿಯೇ ಇತ್ತು. ಮನೆಯ ಅಜ್ಜಿ ಅದನ್ನು ಒರೆಸಿ ಕಿಟಕಿಯಲ್ಲಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: ಆಚೆ ಬೀದಿಯವರೊಬ್ಬರು ಸಾಮಾನು ಉಳಿಸಲು ಕೆಳಗಿಳಿದವರು ಮೇಲೆ ಬರಲೇ ಇಲ್ಲ.

ನಮ್ಮ ಕೆಲ್ಲರ್‌ಗಳಲ್ಲೂ ಅಕ್ಕಿ ಮೂಟೆ, ಸೂಟ್‌ಕೇಸ್, ಗಣೇಶನ ಹಬ್ಬದ ಸಾಮಾನು ಎಲ್ಲ ಇದೆ. ನೀರು ಬಂದರೆ ಹೋಗಲಿ ಬಿಡಿ. ಆಚೆ ನೀರು ನಿಂತರೆ ಅದರ ಒತ್ತಡಕ್ಕೆ ಬಾಗಿಲು ತೆಗೆಯಲು ಆಗುವುದಿಲ್ಲ. ಮೇಲಿನ ಮಹಡಿಗೆ ಹೋಗಿ. ಸೈರನ್ ಒಂದು ನಿಮಿಷ ಏರಿಳಿದು ಕೂಗಿದರೆ ಅಪಾಯ ಎಂದರ್ಥ. ಒಂದೇ ಸಮ ಕೂಗಿದರೆ ಅಪಾಯ ಕಳೆಯಿತು ಎಂದರ್ಥ. 2023ರಿಂದ ಮೊಬೈಲ್‌ಗೂ ನೇರವಾಗಿ ಎಚ್ಚರಿಕೆ ಬರುತ್ತದೆ. ಸದ್ದು ಜೋರು ಅಂತ ಸುಮ್ನೆ ಅದನ್ನು ಆಫ್ ಮಾಡಬೇಡಿ.

ಊರಿಂದ ಬಂದಿರುವ ಅಪ್ಪ ಅಮ್ಮನಿಗೆ, ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಇದನ್ನೆಲ್ಲ ಕನ್ನಡದಲ್ಲೇ ಕೂರಿಸಿ ಹೇಳಿ. ಸೆಪ್ಟೆಂಬರ್‌ನ ಎರಡನೇ ಗುರುವಾರ ದೇಶದ ತುಂಬ ಸೈರನ್ ಪರೀಕ್ಷೆ ಇರುತ್ತದೆ. ಅವತ್ತು ಬೆಳಿಗ್ಗೆ 11ಕ್ಕೆ ಕಿಟಕಿ ತೆಗೆದು ಅವರಿಗೆ ಆ ಸದ್ದು ಕೇಳಿಸಿ.