ಪಾಸ್ ಔಟ್ ಅಂದರೆ, ಪುಟ್ಟಿ

ಪುಟ್ಟಿ,

ನಿನ್ನೆ ರಾತ್ರಿ ನಿನ್ನ ಇಂಗ್ಲಿಷಿನ ಒಂದು ಮಾತು ತಿದ್ದಲು ಬಂದರೆ "ಅಮ್ಮ, ಇದು ನಿನ್ನ ಹೈಸ್ಕೂಲ್ ಕ್ಲಾಸಲ್ಲ" ಅಂತ ರೂಮಿನ ಬಾಗಿಲು ಹಾಕಿಕೊಂಡೆ. ಅದಕ್ಕೇ ಬರೆದು ನಿನ್ನ ಸರ್ಟಿಫಿಕೇಟ್ ಫೈಲಿನಲ್ಲಿ ಇಟ್ಟಿದ್ದೇನೆ. ವಿಮಾನದಲ್ಲಿ ಓದು.

ವಾರ್ಡಿನಲ್ಲಿ ಹೇಳಲು ಬರೆದುಕೊಂಡ ಪರಿಚಯದಲ್ಲಿ '2021ರಲ್ಲಿ ಪಾಸ್ಡ್ ಔಟ್' ಅಂತಿದೆ. ನಮ್ಮಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ, ತಪ್ಪು ಅನ್ನಲು ನಾನ್ಯಾರು? ಆದರೆ ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಅದರ ಅರ್ಥ ಪ್ರಜ್ಞೆ ತಪ್ಪುವುದು. ತರಬೇತಿ ಮುಗಿಸಿದ ಸೇನೆಯವರಿಗೆ ಮಾತ್ರ ಅಲ್ಲೂ ನಮ್ಮ ಡೆಹ್ರಾಡೂನಿನ ಸೇನಾ ಅಕಾಡೆಮಿಯಂತೆ ಪಾಸಿಂಗ್ ಔಟ್ ಪರೇಡ್ ಉಂಟು. ಕಾಲೇಜು ಮುಗಿಸಿದರೆ ಗ್ರಾಜುಯೇಟೆಡ್. ನರ್ಸ್ ಆದ ನೀನು ಕ್ವಾಲಿಫೈಡ್ ಅನ್ನು, ಅದೇ ಚೆಂದ. ರೋಗಿಗೆ ಎಚ್ಚರ ಬಂದರೆ ಕಮ್ ರೌಂಡ್. ಪಾಸ್ ಅವೇ ಅಂದರೆ ತೀರಿಕೊಳ್ಳುವುದು. ಶಿಫ್ಟ್ ಬಿಡುವಾಗ ಗಡಿಬಿಡಿಯಲ್ಲಿ ಔಟ್ ಅನ್ನುವ ಕಡೆ ಅವೇ ಅಂದುಬಿಟ್ಟೀಯ!

ನೀನೂ ಒಂದ್ಸಲ ಪಾಸ್ ಔಟ್ ಆಗಿದ್ದೆ. ಏಳನೇ ಕ್ಲಾಸು, ಆಗಸ್ಟ್ 15. ತಿಂಡಿ ಬೇಡ ಅಂತ ಓಡಿದ್ದು ನಿನಗೆ ಗೊತ್ತು. ಬಿದ್ದ ಮೇಲಿನದು ಗೊತ್ತಿರಲು ಸಾಧ್ಯವೇ ಇಲ್ಲ. ಬಿಸಿಲು, ಭಾಷಣದ ಮೇಲೆ ಭಾಷಣ. ನಾನು ವೇದಿಕೆ ಪಕ್ಕ ಮೈಕ್ ನೋಡಿಕೊಳ್ಳುತ್ತಿದ್ದೆ. ಸಾಲಿನಲ್ಲಿ ಒಂದು ಜಡೆ ಕಾಣೆಯಾಯಿತು. ಯಾರ ಮಗುವೋ ಅಂದುಕೊಂಡೆ. ಹತ್ತಿರ ಬಂದರೆ ರಿಬ್ಬನ್ ನಾನು ಕಟ್ಟಿದ್ದು. ಪಿ.ಟಿ. ಮೇಷ್ಟ್ರು ನಿನ್ನ ಕಾಲು ಮೇಲೆತ್ತಿ ಹಿಡಿದಿದ್ದರು. ಮುಖ ಸುಣ್ಣದ ಹಾಗೆ. ಕೂಗಿದೆ, ಕೆನ್ನೆ ತಟ್ಟಿದೆ, ನೀನು ಓಗೊಡಲಿಲ್ಲ. ಕಣ್ಣು ಬಿಟ್ಟವಳೇ "ಸ್ವೀಟ್ ಕೊಟ್ರಾ?" ಅಂದೆ. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ, ಇವತ್ತಿಗೂ ಬರುವುದಿಲ್ಲ. ಅಲ್ಲಿ ಬಿದ್ದರೆ ನಿನ್ನ ರಿಬ್ಬನ್ ಗುರುತು ಹಿಡಿಯುವವರು ಯಾರಿದ್ದಾರೆ?

ನಗಬೇಡ. ಅಲ್ಲಿ ಒಂದೊಂದು ಶಿಫ್ಟು ಹನ್ನೆರಡು ಗಂಟೆಯಂತೆ. ಡ್ಯೂಟಿಗೆ ಹೋಗುವ ಮುಂಚೆ ತಿನ್ನು. ಬ್ರೆಡ್ ತಿಂದರೆ ಊಟ ಆಯಿತು ಅಂದುಕೊಳ್ಳಬೇಡ. ಅವಲಕ್ಕಿ ಇಟ್ಟಿದ್ದೇನೆ, ಬಿಸಿನೀರಿದ್ದರೆ ಸಾಕು. ಚಟ್ನಿಪುಡಿ ನೀಲಿ ಬ್ಯಾಗಿನಲ್ಲಿದೆ. ತಲೆ ಸುತ್ತಿದರೆ ಧೈರ್ಯ ತೋರಿಸಲು ನಿಂತೇ ಇರಬೇಡ, ಕೂತುಕೋ. ಇದನ್ನೆಲ್ಲ ನರ್ಸಿಗೇ ಹೇಳುತ್ತಿದ್ದೇನೆ ನೋಡು! ಕೋಪ ಮಾಡಿಕೊಳ್ಳಬೇಡ.

ಇಂಗ್ಲಿಷ್ ಪರೀಕ್ಷೆಯಲ್ಲಿ ನಿನಗೆ ಬಂದ ಗ್ರೇಡನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ನೀನು ಬೇಡ ಅಂದಿದ್ದೆ, ತಡೆಯಲಾಗಲಿಲ್ಲ.

ಇನ್ನೊಂದು. ಶನಿವಾರದ ಒಪ್ಪೊತ್ತು ಅಲ್ಲಿ ಬೇಡ. ನಿನ್ನ ಹೆಸರಲ್ಲಿ ಇಲ್ಲಿ ನಾನೇ ಮಾಡುತ್ತೇನೆ.

ಅಮ್ಮ